ಜಾಗ ನಮ್ಮದು, ಪೈಪು ನಗರದ್ದು: ಈಸ್‌ಮೆಂಟ್ ಹಕ್ಕು ಹುಟ್ಟೋದು ಹೇಗೆ, ಮುಗಿಯೋದು ಹೇಗೆ

ಈ ಸಲ ಮಳೆ ಹಿಡಿಯುವ ಮೊದಲು ಶಿವಮೊಗ್ಗದ ನಮ್ಮ ಬೀದಿಗೆ ಇಬ್ಬರು ಬಂದರು. ಒಬ್ಬರ ಕೈಯಲ್ಲಿ ಟೇಪು, ಇನ್ನೊಬ್ಬರ ಕೈಯಲ್ಲಿ ಒಂದು ಹಾಳೆ. ನಾಲ್ಕು ಮನೆಗಳಿಗೆ ಒಳಚರಂಡಿ ಪೈಪು ಎಳೆಯಬೇಕು, ರಸ್ತೆ ಕಡೆಗೆ ಇಳಿಜಾರು ಸಿಗುತ್ತಿಲ್ಲ, ಹಾಗಾಗಿ ಹಿಂದಿನ ಕಾಂಪೌಂಡಿನ ಒಳಗೆ ಅಂಚಿನಲ್ಲಿ ಹಾಯಿಸುತ್ತೇವೆ, ಇಲ್ಲೊಂದು ಸಹಿ ಹಾಕಿ ಅಂದರು. ಹಾಳೆಯಲ್ಲಿ ಇದ್ದದ್ದು ಎರಡೇ ಸಾಲು. ನನ್ನ ಜಾಗದಲ್ಲಿ ಪೈಪ್‌ಲೈನ್ ಹಾಕಲು ನನ್ನ ಅಭ್ಯಂತರ ಇಲ್ಲ, ಮುಂದೆಯೂ ಇರುವುದಿಲ್ಲ, ಅಷ್ಟೇ.

ಸಂಜೆ ನಾಲ್ಕೂ ಮನೆಯವರು ಗೇಟ್ ಹತ್ತಿರ ಸೇರಿದೆವು. "ಸಹಿ ಹಾಕಿದರೆ ಅಷ್ಟು ಜಾಗ ಹೋಯ್ತು ಅಂತಲೇ ಲೆಕ್ಕ" ಅಂದರು ಒಬ್ಬರು. "ಹಾಕದಿದ್ದರೆ ಬಚ್ಚಲ ನೀರು ಎಲ್ಲಿಗೆ ಬಿಡ್ತೀರಿ" ಅಂದರು ಇನ್ನೊಬ್ಬರು. ಮೂರನೆಯವರು ಕೇಳಿದ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು: "ಮುಂದೆ ಆ ಪೈಪೇ ಬೇಡ ಅಂತ ಆದಾಗ ಜಾಗ ಬಿಡಿಸಿಕೊಳ್ಳೋದು ಹೇಗೆ?"

ಉತ್ತರ ಹುಡುಕುತ್ತಾ ಹೋದರೆ ಸಿಗುವ ಪದ ಈಸ್‌ಮೆಂಟ್. ಕನ್ನಡದ ದಾಖಲೆಗಳಲ್ಲಿ ಅನುಭೋಗದ ಹಕ್ಕು ಅಂತಲೂ ಬರೆಯುತ್ತಾರೆ. ನಮ್ಮ ಕಡೆ ಜನ ಬಳಸುವ ಮಾತು ಇನ್ನೂ ಸರಳ: ದಾರಿ ಹಕ್ಕು, ನೀರಿನ ಹಕ್ಕು.

ಉಣಗೋಲಿನ ಆಚೆಯ ದಾರಿ

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿ ಮನೆಗೆ ಬಸ್ಸಿಳಿದು ನಡೆಯಬೇಕು. ಪಕ್ಕದ ಮನೆಯವರ ಉಣಗೋಲು ಸರಿಸಿ, ಅವರ ಅಡಿಕೆ ತೋಟದ ಅಂಚಿನಲ್ಲಿ ಸಾಗಿ, ಕಾಲುಸಂಕ ದಾಟಿದರೆ ನಮ್ಮ ಅಂಗಳ. ಉಣಗೋಲು ಅಂದರೆ ಎರಡು ಕಂಬಕ್ಕೆ ತೂತು ಕೊರೆದು, ಅಡ್ಡಕ್ಕೆ ಬಿದಿರಿನ ಗಳ ತೂರಿಸಿದ ಬಾಗಿಲು. ದನ ನುಗ್ಗಬಾರದು, ಮನುಷ್ಯರು ಹೋಗಬೇಕು, ಅದಕ್ಕೆ ಮಾಡಿದ್ದು. ಆ ತೋಟ ನಮ್ಮದಲ್ಲ. ಉದುರಿದ ಒಂದು ಅಡಿಕೆ ಹೆಕ್ಕುವ ಹಕ್ಕೂ ನಮಗಿಲ್ಲ. ಆದರೆ ನಡೆಯುವ ಹಕ್ಕು ಇದೆ, ಅಜ್ಜನ ಕಾಲದಿಂದ ಇದೆ.

ಈಸ್‌ಮೆಂಟ್ ಅಂದರೆ ಇದೇ. ನಿಮ್ಮ ಜಾಗವನ್ನು ಚೆನ್ನಾಗಿ ಬಳಸಿಕೊಳ್ಳಲು ಬೇರೆಯವರ ಜಾಗದಲ್ಲಿ ಏನನ್ನಾದರೂ ಮಾಡುವ ಹಕ್ಕು, ಇಲ್ಲವೇ ಅವರು ಅಲ್ಲಿ ಏನನ್ನಾದರೂ ಮಾಡದಂತೆ ತಡೆಯುವ ಹಕ್ಕು. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 4ನೇ ಕಲಂ ಹೇಳುವುದರ ಸಾರ ಇಷ್ಟು. ನಡೆಯುವುದು, ಗಾಡಿ ಹೊಡೆಯುವುದು, ನೀರು ಹಾಯಿಸುವುದು, ಚರಂಡಿ ಬಿಡುವುದು ಮೊದಲನೇ ಬಗೆ. ಹಳೇ ಕಿಟಕಿಗೆ ಬೆಳಕು ಬರದ ಹಾಗೆ ಗೋಡೆ ಎಬ್ಬಿಸಬೇಡಿ ಅನ್ನುವುದು ಎರಡನೇ ಬಗೆ.

ಇಲ್ಲಿ ಯಾವಾಗಲೂ ಎರಡು ಜಾಗ ಇರಬೇಕು. ಒಂದು ಅನುಕೂಲ ಪಡೆಯುವ ಜಾಗ, ಇನ್ನೊಂದು ಹೊರೆ ಹೊರುವ ಜಾಗ. ಹಕ್ಕು ಅಂಟಿಕೊಂಡಿರುವುದು ಜಾಗಕ್ಕೆ, ಮನುಷ್ಯನಿಗಲ್ಲ. ಅಜ್ಜಿ ಮನೆಯನ್ನು ನಾಳೆ ಬೇರೆಯವರು ಕೊಂಡರೆ ದಾರಿ ಹಕ್ಕು ಅವರಿಗೆ ಹೋಗುತ್ತದೆ, ಎತ್ತು ಕೊಟ್ಟಾಗ ಮೂಗುದಾರವೂ ಹೋದ ಹಾಗೆ. ಪಕ್ಕದ ತೋಟ ಮಾರಾಟವಾದರೂ ಅಷ್ಟೇ, ಹೊಸಬರು ದಾರಿಯ ಸಮೇತವೇ ಕೊಂಡಂತೆ.

ಆದರೆ ಹಕ್ಕಿಗೆ ಒಂದು ಅಳತೆ ಇದೆ. ಕಾಲುದಾರಿಯ ಹಕ್ಕು ಇಟ್ಟುಕೊಂಡು ಟ್ರ್ಯಾಕ್ಟರ್ ಹೊಡೆಯಲು ಬರುವುದಿಲ್ಲ. ಹೊರೆ ಹೊರುವ ಜಾಗದವರಿಗೆ ಆದಷ್ಟು ಕಡಿಮೆ ತೊಂದರೆ ಆಗುವ ಹಾಗೆ ಬಳಸಬೇಕು ಅನ್ನುವುದು 22ನೇ ಕಲಂ. ಬಳಸುವ ರೀತಿ ಬದಲಾಗಬಹುದು, ಹೊರೆ ಜಾಸ್ತಿ ಆಗಬಾರದು. ಗುಡ್ಡದ ಅಬ್ಬಿ ನೀರನ್ನು ಹಿಂದೆ ಅಡಿಕೆ ದಂಬೆಯಲ್ಲಿ, ಅಂದರೆ ಸೀಳಿದ ಅಡಿಕೆ ಮರದ ಕಾಲುವೆಯಲ್ಲಿ, ಪಕ್ಕದವರ ಬ್ಯಾಣದ (ಹುಲ್ಲುಗಾವಲಿನ) ಮೇಲೆ ತರುತ್ತಿದ್ದರು, ಈಗ ಕಪ್ಪು ಪೈಪಿನಲ್ಲಿ ತರುತ್ತಾರೆ. ಅದಕ್ಕೆ ಅಡ್ಡಿ ಇಲ್ಲ. ಒಂದು ಪೈಪಿದ್ದ ಕಡೆ ನಾಲ್ಕು ಪೈಪು ಎಳೆದರೆ ಅದು ಬೇರೆ ಮಾತು.

ರಿಪೇರಿ ಖರ್ಚು ಯಾರದ್ದು? ಬಳಸುವವರದ್ದು. ಪೈಪು ಒಡೆದು ಪಕ್ಕದವರ ಗೋಡೆ ಕುಸಿದರೆ, ರಿಪೇರಿ ಮಾಡಿಸದೆ ಬಿಟ್ಟಿದ್ದಕ್ಕೆ ಪರಿಹಾರ ಕೊಡಬೇಕಾದವರೂ ಅವರೇ.

ಮಳೆ ನೀರಿನ ಮಾತೇ ಬೇರೆ

ಮಲೆನಾಡಿನಲ್ಲಿ ಜಾಸ್ತಿ ಜಗಳ ಹುಟ್ಟುವುದು ನೀರಿಗೆ, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು. ಮೇಲಿನ ಜಾಗದಲ್ಲಿ ಬಿದ್ದ ಮಳೆ ತಾನಾಗಿ ಇಳಿದು ಕೆಳಗಿನ ಜಾಗಕ್ಕೆ ಹರಿಯುತ್ತದೆ. ಅದನ್ನು ಕೆಳಗಿನವರು ಬಿಟ್ಟುಕೊಳ್ಳಬೇಕು. ಇದಕ್ಕೆ ಯಾರೂ ಯಾರಿಗೂ ಬರೆದುಕೊಡಬೇಕಿಲ್ಲ, ಇಷ್ಟು ವರ್ಷ ಆಗಿರಬೇಕು ಅಂತಲೂ ಇಲ್ಲ. ಇದು ಈಸ್‌ಮೆಂಟ್ ಅಲ್ಲ, ಭೂಮಿಯ ಇಳಿಜಾರಿನಿಂದಲೇ ಬಂದ ಸಹಜ ಹಕ್ಕು. ಕಾಯ್ದೆಯ 7ನೇ ಕಲಂನಲ್ಲಿ ಇದೇ ಉದಾಹರಣೆ ಇದೆ.

ಸಹಜವಾಗಿ ಹರಿಯುವ ನೀರಿಗೆ ಮಾತ್ರ ಈ ಮಾತು. ಹಂಚಿನ ಸೂರಿನ ನೀರನ್ನು ದೋಣಿ ಕಟ್ಟಿ ಒಂದೇ ಕಡೆ ಸೇರಿಸಿ ಪಕ್ಕದವರ ದರೆಗೆ ಬಿಟ್ಟರೆ, ಬಚ್ಚಲ ನೀರನ್ನು ಅವರ ಹಿತ್ತಲಿಗೆ ತಿರುಗಿಸಿದರೆ, ಅದು ನೀವು ಮಾಡಿದ ಕೆಲಸ. ಅದಕ್ಕೆ ಹಕ್ಕು ಬೇಕು. ಆ ಹಕ್ಕು ಎಲ್ಲಿಂದ ಬಂತು ಅಂತ ತೋರಿಸಲೂ ಬೇಕು.

ಹೋಗಿ ಅಂದರೆ ಹಕ್ಕು ಕೊಟ್ಟಂತಲ್ಲ

ಅನುಮತಿ ಬೇರೆ, ಹಕ್ಕು ಬೇರೆ. ಇದೊಂದು ತಿಳಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

"ನಮ್ಮ ತೋಟದಲ್ಲಿ ಹಾದು ಹೋಗಿ ಮಾರಾಯ್ರೇ, ಅದಕ್ಕೇನಂತೆ" ಅಂದರೆ ಅದು ಅನುಮತಿ. ಕಾಯ್ದೆಯ 52ನೇ ಕಲಂ ಇದನ್ನು ಲೈಸೆನ್ಸ್ ಅನ್ನುತ್ತದೆ. ಇದು ಕೊಟ್ಟವರ ಮತ್ತು ತೆಗೆದುಕೊಂಡವರ ನಡುವಿನ ಮಾತು ಅಷ್ಟೇ, ಜಾಗಕ್ಕೆ ಅಂಟುವುದಿಲ್ಲ. ಕೊಟ್ಟವರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳಬಹುದು, ಖಾಲಿ ಮಾಡಲು ಸ್ವಲ್ಪ ಸಮಯ ಕೊಟ್ಟರೆ ಸಾಕು. ಅನುಮತಿ ಮೇಲೆ 50 ವರ್ಷ ನಡೆದರೂ ಅದು ಹಕ್ಕಾಗುವುದಿಲ್ಲ.

ನಗರದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನಿಮ್ಮ ಗೇಟಿನ ಮುಂದೆ ಮೋರಿ ಇದೆ. ಕಾರು ಒಳಗೆ ಬರಲಿ ಅಂತ ಮೋರಿ ಮೇಲೆ ಚಪ್ಪಡಿ ಹಾಕಿ ರ್‍ಯಾಂಪ್ ಕಟ್ಟುತ್ತೀರಿ. ಯಾರೂ ಏನೂ ಅನ್ನದಿದ್ದರೆ ಅದು ನಿಮ್ಮದೇ ಅನ್ನಿಸುತ್ತದೆ. ಆದರೆ ಮೋರಿಯೂ ರಸ್ತೆಯೂ ನಗರದ ಆಸ್ತಿ. ಚರಂಡಿ ಅಗಲ ಮಾಡುವಾಗ ರ್‍ಯಾಂಪ್ ತೆಗೆಯಿರಿ ಅಂದರೆ ಈಸ್‌ಮೆಂಟ್ ಇದೆ ಅಂತ ವಾದ ಮಾಡುವುದು ಕಷ್ಟ. ನಿಮ್ಮ ಮನೆಯಿಂದ ಸಾರ್ವಜನಿಕ ರಸ್ತೆಗೆ ಬರುವ ಹಕ್ಕು ನಿಮಗಿದೆ, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಇಂಥದ್ದೇ ರ್‍ಯಾಂಪ್ ಇಲ್ಲೇ ಇರಬೇಕು ಅನ್ನುವ ಹಕ್ಕು ಮಾತ್ರ ಇಲ್ಲ. ನೀರಿನ ಪೈಪಿಗೆ ರಸ್ತೆ ಅಗೆಯಲು ಕೊಡುವ ಪರವಾನಗಿಯೂ ಇದೇ ಜಾತಿ.

ಇನ್ನು ತುಂಬಾ ಮುಖ್ಯವಾದ ಒಂದು ವಿನಾಯಿತಿ. 60ನೇ ಕಲಂ ಪ್ರಕಾರ, ಅನುಮತಿ ನಂಬಿಕೊಂಡು ಒಬ್ಬರು ಖರ್ಚು ಮಾಡಿ ಶಾಶ್ವತವಾದ ಕಟ್ಟಡವನ್ನೋ ಕಾಮಗಾರಿಯನ್ನೋ ಮಾಡಿಬಿಟ್ಟರೆ, ಆಮೇಲೆ ಆ ಅನುಮತಿಯನ್ನು ಹಿಂದೆ ಪಡೆಯಲು ಆಗುವುದಿಲ್ಲ. ಈಗ ನಮ್ಮ ಬೀದಿಗೆ ಬಂದ ಹಾಳೆಯನ್ನು ಇನ್ನೊಂದು ಸಲ ಓದಿ. ಅಭ್ಯಂತರ ಇಲ್ಲ ಅನ್ನುವುದು ನೋಡಲು ಬರೀ ಅನುಮತಿ. ಆದರೆ ಆ ಅನುಮತಿ ಮೇಲೆ ನೆಲ ಅಗೆದು, ಪೈಪು ಹೂತು, ಮ್ಯಾನ್‌ಹೋಲ್ ಕಟ್ಟಿದ ಮೇಲೆ? ಅಗಲ ಎಷ್ಟು, ಎಲ್ಲಿಯವರೆಗೆ, ಎಷ್ಟು ವರ್ಷ ಅನ್ನುವುದು ಯಾವುದೂ ಬರೆಯದ ಎರಡು ಸಾಲು ಶಾಶ್ವತವಾಗಿ ನಿಂತುಬಿಡಬಹುದು. ಸಹಿ ಹಾಕಿದರೆ ಜಾಗ ಹೋಯ್ತು ಅಂದ ನೆರೆಯವರು ಪೂರ್ತಿ ಸರಿ ಅಲ್ಲ, ಜಾಗದ ಮಾಲೀಕತ್ವ ಎಲ್ಲೂ ಹೋಗುವುದಿಲ್ಲ. ಆದರೆ ಅವರ ಭಯಕ್ಕೆ ಕಾರಣ ಇತ್ತು.

ಹಕ್ಕು ಹುಟ್ಟುವುದು ಎಲ್ಲಿಂದ

ನಿಮ್ಮ ಹಕ್ಕು ಎಲ್ಲಿಂದ ಬಂತು ಅಂತ ಮೊದಲು ಕೇಳಿಕೊಳ್ಳಿ, ಯಾಕೆಂದರೆ ಅದು ಹೇಗೆ ಮುಗಿಯುತ್ತದೆ ಅನ್ನುವುದು ಬಹುಪಾಲು ಅದರ ಮೇಲೆಯೇ ನಿಂತಿದೆ.

ಗಟ್ಟಿಯಾದದ್ದು ಬರೆದುಕೊಟ್ಟ ಹಕ್ಕು. ಕ್ರಯಪತ್ರದಲ್ಲೋ ಪಾಲುಪಟ್ಟಿಯಲ್ಲೋ "ಪೂರ್ವದ ಅಂಚಿನಲ್ಲಿ 10 ಅಡಿ ದಾರಿ ಬಿಟ್ಟಿದೆ" ಅಂತ ಇರುತ್ತದೆ, ಅಥವಾ ಅದಕ್ಕೇ ಬೇರೆ ಕರಾರು ಇರುತ್ತದೆ. ಬರೆದುಕೊಟ್ಟರೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಸ್ಥಿರಾಸ್ತಿಯಲ್ಲಿ 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಹಕ್ಕು ಹುಟ್ಟಿಸುವ ಪತ್ರಕ್ಕೆ ನೋಂದಣಿ ಕಡ್ಡಾಯ ಅಂತ 1908ರ ನೋಂದಣಿ ಕಾಯ್ದೆಯೇ ಹೇಳುತ್ತದೆ. ಇವತ್ತು 100 ರೂಪಾಯಿಗಿಂತ ಕಡಿಮೆ ಬೆಲೆಯ ದಾರಿ ಎಲ್ಲಿದೆ?

ಎರಡನೆಯದು ಅನಿವಾರ್ಯತೆಯ ಹಕ್ಕು. ಅಣ್ಣ ತಮ್ಮ ಪಾಲಾದರು. ಹಿಂದಿನ ತುಂಡು ತಮ್ಮನಿಗೆ ಬಂತು, ಅದಕ್ಕೆ ಬೇರೆ ದಾರಿಯೇ ಇಲ್ಲ. ಪಾಲುಪಟ್ಟಿಯಲ್ಲಿ ಒಂದಕ್ಷರ ಬರೆಯದಿದ್ದರೂ ಅಣ್ಣನ ಜಾಗದಲ್ಲಿ ತಮ್ಮನಿಗೆ ದಾರಿ ಸಿಗುತ್ತದೆ, 13ನೇ ಕಲಂ. ಎಲ್ಲಿ ಅಂತ ತೋರಿಸಿಕೊಡುವ ಅಧಿಕಾರ ಅಣ್ಣನದ್ದು, ಆದರೆ ಅದು ತಮ್ಮನಿಗೂ ತಕ್ಕಮಟ್ಟಿಗೆ ಅನುಕೂಲವಾಗಿರಬೇಕು. ಇಲ್ಲಿ ಬೇಕಾದದ್ದು ಅನಿವಾರ್ಯತೆ, ಬರೀ ಅನುಕೂಲ ಸಾಲದು. ಸುತ್ತು ಹಾಕಿ ಹೋಗುವ ದಾರಿ ಇದ್ದರೆ ಅನಿವಾರ್ಯತೆ ಇಲ್ಲ ಅಂತಲೇ ಅರ್ಥ.

ಮೂರನೆಯದು ದೀರ್ಘ ಬಳಕೆ. 20 ವರ್ಷ ಶಾಂತವಾಗಿ, ಬಹಿರಂಗವಾಗಿ, ತಡೆ ಇಲ್ಲದೆ, ನನ್ನ ಹಕ್ಕು ಅಂತಲೇ ಬಳಸಿದ್ದರೆ ಅದು ಹಕ್ಕಾಗುತ್ತದೆ. ಹೊರೆ ಹೊರುವ ಜಾಗ ಸರ್ಕಾರದ್ದಾದರೆ 30 ವರ್ಷ. ರಾತ್ರಿ ಕದ್ದು ಹೋದದ್ದು, ಹೊಡೆದಾಡಿ ಹೋದದ್ದು, ಕೇಳಿಕೊಂಡು ಹೋದದ್ದು ಲೆಕ್ಕಕ್ಕೆ ಬರುವುದಿಲ್ಲ. ಇಲ್ಲೊಂದು ಕಟ್ಟುನಿಟ್ಟಾದ ಷರತ್ತೂ ಇದೆ: ಆ ಅವಧಿ ನೀವು ದಾವೆ ಹೂಡುವ ದಿನಕ್ಕೆ ಹಿಂದಿನ 2 ವರ್ಷದೊಳಗೆ ಮುಗಿದಿರಬೇಕು. ಹಾಗೆಯೇ, ಯಾರೋ ಬೇಲಿ ಹಾಕಿದ್ದು ಗೊತ್ತಾಗಿಯೂ ಒಂದು ವರ್ಷ ಸುಮ್ನೆ ಸಹಿಸಿಕೊಂಡರೆ ಅದು ತಡೆ ಅಂತ ಲೆಕ್ಕ. ಮಳೆಗಾಲ ಕಳೀಲಿ, ಕೊಯ್ಲು ಮುಗೀಲಿ, ಮದುವೆ ಆಗಲಿ ಅಂತ ಕಾಯುತ್ತಾ ಇದ್ದರೆ 30 ವರ್ಷ ನಡೆದ ದಾರಿಯೂ ಕೈತಪ್ಪಬಹುದು. ಇದನ್ನು ಬರೆಯುವಾಗ ನನಗೆ ನಮ್ಮ ಊರ ಕಡೆಯ ಒಂದೆರಡು ಮನೆಗಳ ನೆನಪಾಗುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಾಲ್ಕನೆಯದು ಊರಿನ ರೂಢಿಯಿಂದ ಬಂದ ಹಕ್ಕು. ನಗರದಲ್ಲಿ ಅದು ಅಪರೂಪ.

ನಗರ ನಡುವೆ ಬಂದಾಗ

ಶಿವಮೊಗ್ಗ ಮಹಾನಗರ ಪಾಲಿಕೆಗೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಅನ್ವಯ. ಸಾಗರ, ಭದ್ರಾವತಿಯಂಥ ನಗರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆ. ನಿಮ್ಮ ಊರು ಯಾವುದರ ಕೆಳಗಿದೆ ಅಂತ ನೋಡಿಕೊಳ್ಳಿ, ನೋಟಿಸ್ ಕೊಡುವ ಕ್ರಮ ಅದರ ಮೇಲೆ ಹೋಗುತ್ತದೆ.

ಮೊದಲು ಒಂದು ಗೊಂದಲ ಬಿಡಿಸೋಣ. ನಗರದ ಹಕ್ಕು ಅಂದದ್ದೆಲ್ಲ ಈಸ್‌ಮೆಂಟ್ ಅಲ್ಲ. ಹಳೇ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಬೆನ್ನು ಕೊಟ್ಟ ಕಿರಿದಾದ ಗಲ್ಲಿ ಇರುತ್ತದಲ್ಲ, ಕನ್ಸರ್ವೆನ್ಸಿ ಅಂತ ಕರೆಯುತ್ತೇವೆ. ಚರಂಡಿ ಶುಚಿ ಮಾಡಲು ಬಿಟ್ಟ ಜಾಗ ಅದು. ಅಲ್ಲಿ ನಗರಕ್ಕೆ ಇರುವುದು ಹಾದುಹೋಗುವ ಹಕ್ಕಲ್ಲ, ಜಾಗವೇ ನಗರದ್ದು. ಎರಡು ಕಡೆಯ ಮನೆಯವರು ಅರ್ಧ ಅರ್ಧ ಸೇರಿಸಿಕೊಂಡು ಬಾತ್‌ರೂಮ್ ಕಟ್ಟಿದರೆ ಅದು ಒತ್ತುವರಿ. ಹೊಸ ಬಡಾವಣೆಯಲ್ಲೂ ಹೀಗೇ. ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ಖಾಸಗಿ ಲೇಔಟಿನ ರಸ್ತೆ, ಪಾರ್ಕನ್ನು ಲೇಔಟ್ ಮಾಡಿದವರು ಬಿಟ್ಟುಕೊಡುತ್ತಾರೆ. ಆಮೇಲೆ ಅದು ಸಾರ್ವಜನಿಕ ಆಸ್ತಿ, ಈಸ್‌ಮೆಂಟ್ ಕಾಯ್ದೆ ಹಿಡಿದು ವಾದ ಮಾಡುವ ಅಗತ್ಯವೇ ಇರುವುದಿಲ್ಲ. ಹಳ್ಳಿ ನಕಾಶೆಯ ಬಂಡಿದಾರಿ, ಪಹಣಿಯ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿ ಮಾಡದ ಜಾಗ) ಕೂಡ ಸಾರ್ವಜನಿಕವೇ.

ಈಸ್‌ಮೆಂಟ್ ಮಾತು ಬರುವುದು ಜಾಗ ನಿಮ್ಮದೇ ಆಗಿದ್ದು, ನಗರದ ಪೈಪೋ ಮಳೆನೀರಿನ ಚರಂಡಿಯೋ ಅದರಲ್ಲಿ ಹಾಯುವಾಗ. ಇದು ಎರಡು ರೀತಿಯಲ್ಲಿ ಆಗಬಹುದು. ನೀವು ಒಪ್ಪಿ ಬರೆದುಕೊಡುವುದು ಒಂದು. ಕಾಯ್ದೆಯಲ್ಲಿರುವ ಅಧಿಕಾರ ಬಳಸಿ, ಮಾಲೀಕರಿಗೆ ನೋಟಿಸ್ ಕೊಟ್ಟು, ಖಾಸಗಿ ಜಾಗದಲ್ಲಿ ಪೈಪು ಹಾಯಿಸುವುದು ಇನ್ನೊಂದು. ಹಾಗಾಗಿ ಸಹಿ ಹಾಕದಿದ್ದರೆ ಕೆಲಸವೇ ನಿಂತುಹೋಗುತ್ತದೆ ಅಂತಲ್ಲ. ನೀವೇ ಒಪ್ಪಿದಾಗ ಷರತ್ತು ಬರೆಸಲು ಅವಕಾಶ ಸಿಗುತ್ತದೆ, ಅದೇ ದೊಡ್ಡ ಲಾಭ. ಕರೆಂಟಿನ ಲೈನಿಗೆ 2003ರ ವಿದ್ಯುತ್ ಕಾಯ್ದೆಯ ಬೇರೆ ದಾರಿ ಇದೆ, ಅದನ್ನು ಇದರ ಜೊತೆ ಬೆರೆಸುವುದು ಬೇಡ.

ಉಲ್ಟಾ ಕೂಡ ಆಗುತ್ತದೆ. ನಿಮ್ಮ ಸೈಟಿಗೆ ಹೋಗಲು ನಗರದ ಖಾಲಿ ಪಟ್ಟಿಯೊಂದನ್ನು ದಾಟಬೇಕು ಅಂತಿಟ್ಟುಕೊಳ್ಳಿ. ಅದಕ್ಕೆ ಶಾಶ್ವತ ಹಕ್ಕು ಬೇಕಾದರೆ ವಾರ್ಡಿನ ಸಿಬ್ಬಂದಿಯ ಬಾಯಿಮಾತು ಸಾಲದು. ನಗರದ ಆಸ್ತಿಯಲ್ಲಿ ಹಕ್ಕು ಕೊಡಲು ಯಾರಿಗೆ ಅಧಿಕಾರ ಇದೆಯೋ ಅವರೇ, ಕಾಯ್ದೆ ಹೇಳಿದ ಕ್ರಮದಲ್ಲಿ, ಕಾಗದದಲ್ಲಿ ಕೊಡಬೇಕು. ಇಲ್ಲದಿದ್ದರೆ ಕೈಗೆ ಸಿಗುವುದು ಅನುಮತಿ ಮಾತ್ರ.

ಸಹಿಗೆ ಮೊದಲು ಹಾಳೆಯಲ್ಲಿ ಏನಿರಬೇಕು

ಮೊದಲು ಅಗಲ ಮತ್ತು ಜಾಗ. "ಹಿತ್ತಲಿನಲ್ಲಿ" ಅಂತ ಬರೆದರೆ ಇಡೀ ಹಿತ್ತಲು. "ಪಶ್ಚಿಮದ ಕಾಂಪೌಂಡ್ ಗೋಡೆಯಿಂದ ಒಳಕ್ಕೆ 3 ಅಡಿ" ಅಂತ ಬರೆದರೆ 3 ಅಡಿ. ಕೈಬರಹದ ನಕ್ಷೆಯಾದರೂ ಸರಿ, ಅಳತೆ ಹಾಕಿ ಅಂಟಿಸಿ, ಎರಡೂ ಕಡೆಯವರು ಸಹಿ ಮಾಡಲಿ. ತೆಂಗಿನ ಮರದಿಂದ ಇಷ್ಟು ಅಡಿ ಅಂತ ಗುರುತು ಕೊಡಬೇಡಿ. ಮರ ಬೀಳುತ್ತದೆ, ಗೋಡೆಯ ಮೂಲೆ ಉಳಿಯುತ್ತದೆ.

ಆಮೇಲೆ ಉದ್ದೇಶ. ಒಳಚರಂಡಿ ಪೈಪಿಗೆ ಅಂದರೆ ಅದಕ್ಕೆ ಮಾತ್ರ. ನಾಳೆ ಅದೇ ಗುಂಡಿಯಲ್ಲಿ ಕೇಬಲ್ ಹಾಕಬೇಕಾದರೆ ಮತ್ತೆ ಕೇಳಲಿ. ರಿಪೇರಿಗೆ ಬರುವ ಮೊದಲು ತಿಳಿಸಬೇಕು, ಅಗೆದರೆ ಮುಚ್ಚಿ ನೆಲ ಮೊದಲಿನ ಹಾಗೆ ಮಾಡಿಕೊಡಬೇಕು, ಮ್ಯಾನ್‌ಹೋಲ್ ಎಲ್ಲಿ ಬರುತ್ತದೆ ಅನ್ನುವುದೂ ಇರಲಿ. ಪೈಪಿನ ಮೇಲೆ ನೀವು ಏನು ಮಾಡಬಹುದು ಅನ್ನುವುದನ್ನೂ ಬರೆಸಿ. ಹೂವಿನ ಗಿಡ ಸರಿ, ಹಲಸಿನ ಮರ ಆಗದು, ಕಾರು ನಿಲ್ಲಿಸಬಹುದು, ಪಿಲ್ಲರ್ ಹಾಕುವಂತಿಲ್ಲ, ಹೀಗೆ.

ಕೊನೆಗೆ, ಜನ ಜಾಸ್ತಿ ಮರೆಯುವ ಸಾಲು: ಯಾವಾಗ ಮುಗಿಯುತ್ತದೆ. ಈಸ್‌ಮೆಂಟನ್ನು ಇಷ್ಟು ವರ್ಷಕ್ಕೆ ಅಂತಲೂ, ಇಂಥದ್ದು ಆದಾಗ ಮುಗಿಯುತ್ತದೆ ಅಂತಲೂ ಕೊಡಲು ಕಾಯ್ದೆಯಲ್ಲಿ ಅವಕಾಶ ಇದೆ. "ರಸ್ತೆ ಬದಿಯ ಮುಖ್ಯ ಕೊಳವೆಗೆ ಈ ಮನೆಗಳ ಸಂಪರ್ಕ ಆದ ದಿನ ಈ ಹಕ್ಕು ಕೊನೆಯಾಗುತ್ತದೆ" ಅನ್ನುವ ಒಂದು ಸಾಲು ಮುಂದೆ ನಿಮ್ಮ ಮಕ್ಕಳಿಗೆ ವರ್ಷಗಟ್ಟಲೆ ಕಚೇರಿ ಅಲೆದಾಟ ತಪ್ಪಿಸಬಹುದು.

ಹಕ್ಕು ಮುಗಿಯುವ ಬಗೆಗಳು

ಹೊಸ ರಸ್ತೆ ಆಯಿತು, ಹಳೇ ದಾರಿ ಮುಚ್ಚಬಹುದಾ? ಎಲ್ಲರೂ ಕೇಳುವ ಪ್ರಶ್ನೆ ಇದು. ಅನಿವಾರ್ಯತೆಯಿಂದ ಹುಟ್ಟಿದ ದಾರಿಯಾದರೆ, ಹೌದು. ನಗರ ಹಿಂದಿನಿಂದ ರಸ್ತೆ ಮಾಡಿಕೊಟ್ಟ ದಿನ ಅನಿವಾರ್ಯತೆ ಹೋಯಿತು, ಹಕ್ಕೂ ಹೋಯಿತು, 41ನೇ ಕಲಂ. ಅದೇ ದಾರಿಯನ್ನು ಕ್ರಯಪತ್ರದಲ್ಲಿ ಬರೆದುಕೊಟ್ಟಿದ್ದರೆ, ಅಥವಾ 20 ವರ್ಷದ ಬಳಕೆಯಿಂದ ಬಂದಿದ್ದರೆ, ಹೊಸ ರಸ್ತೆ ಬಂತು ಅಂದ ಮಾತ್ರಕ್ಕೆ ಅದು ಮುಗಿಯುವುದಿಲ್ಲ. ಎರಡೂ ದಾರಿ ನೋಡಲು ಒಂದೇ ಥರ, ಮಣ್ಣು ಒಂದೇ, ಅಗಲ ಒಂದೇ. ಹುಟ್ಟು ಬೇರೆ, ಅದಕ್ಕೇ ಕೊನೆಯೂ ಬೇರೆ.

ಬಳಸದೆ ಬಿಟ್ಟರೂ ಹಕ್ಕು ಹೋಗುತ್ತದೆ, ಆದರೆ ಬೇಗ ಅಲ್ಲ. ಒಂದೇ ಸಮ 20 ವರ್ಷ ಬಳಸದೆ ಇರಬೇಕು. ದಾರಿಯಂಥದ್ದನ್ನು ಮನುಷ್ಯ ಪ್ರತಿ ಸಲ ನಡೆದು ಬಳಸಬೇಕು, ಅಲ್ಲಿ ಕೊನೆಯ ಸಲ ಬಳಸಿದ ದಿನದಿಂದ ಲೆಕ್ಕ. ಚರಂಡಿ, ಬೆಳಕಿನಂಥದ್ದು ಯಾರೂ ಏನೂ ಮಾಡದಿದ್ದರೂ ತಾನಾಗಿ ನಡೆಯುತ್ತಿರುತ್ತದೆ, ಅಲ್ಲಿ ಅದು ಕಟ್ಟಿಹೋದ ದಿನದಿಂದ ಲೆಕ್ಕ. ಇದೇ 47ನೇ ಕಲಂನಲ್ಲಿ ಜಾಸ್ತಿ ಜನರಿಗೆ ಗೊತ್ತಿಲ್ಲದ ಒಂದು ಸೌಲಭ್ಯ ಇದೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು ಊರ ದಾರಿ ಬಳಸಲು ಆಗದವರು, ಈ ಹಕ್ಕನ್ನು ಉಳಿಸಿಕೊಳ್ಳುತ್ತೇನೆ ಅಂತ ಒಂದು ಘೋಷಣೆಯನ್ನು 20 ವರ್ಷ ಆಗುವ ಮೊದಲೇ ನೋಂದಣಿ ಮಾಡಿಸಿದರೆ, ನೋಂದಣಿಯ ದಿನದಿಂದ ಹೊಸದಾಗಿ 20 ವರ್ಷದ ಎಣಿಕೆ. ಮಲೆನಾಡಿನಲ್ಲಿ ಬಾಗಿಲು ಹಾಕಿದ ಮನೆಗಳು ಎಷ್ಟಿವೆ ಅಂತ ನೋಡಿದರೆ ಇದು ಎಷ್ಟು ಉಪಯೋಗದ ಮಾತು ಅಂತ ತಿಳಿಯುತ್ತದೆ.

ಎರಡೂ ಜಾಗ ಒಬ್ಬರದ್ದೇ ಆದರೆ ಹಕ್ಕು ಮುಗಿಯುತ್ತದೆ, ತನ್ನ ಮೇಲೆ ತನಗೇ ಹಕ್ಕು ಇರಲು ಸಾಧ್ಯವಿಲ್ಲ. ಯಾವ ಕಾಲಕ್ಕೂ, ಯಾವ ರೀತಿಯಲ್ಲೂ ಉಪಯೋಗವೇ ಇಲ್ಲದ ಸ್ಥಿತಿ ಬಂದರೂ ಮುಗಿಯುತ್ತದೆ. ಎರಡರಲ್ಲಿ ಒಂದು ಜಾಗ ಪೂರ್ತಿ ನಾಶವಾದರೂ ಅಷ್ಟೇ. ಮತ್ತೆ, ಹಕ್ಕು ಇರುವವರೇ ಬಿಟ್ಟುಕೊಟ್ಟರೆ. ನಗರದ ಜೊತೆಗಿನ ವ್ಯವಹಾರದಲ್ಲಿ ಬಹಳ ಸಲ ಬೇಕಾಗುವುದು ಈ ಕೊನೆಯದ್ದೇ.

ಸತ್ತ ಪೈಪಿನ ಜಾಗ ಬಿಡಿಸಿಕೊಳ್ಳುವುದು

ಹೊಸ ಲೈನ್ ರಸ್ತೆಯಲ್ಲಿ ಬಂತು, ಹಿತ್ತಲಿನ ಹಳೇ ಪೈಪು ಒಣಗಿ ನಿಂತಿದೆ, ಅದರ ಮೇಲೆ ಒಂದು ರೂಮ್ ಕಟ್ಟಬೇಕು. ಸ್ಥಳಕ್ಕೆ ಬಂದ ಸಿಬ್ಬಂದಿ "ಅದು ಯೂಸ್‌ನಲ್ಲಿಲ್ಲ, ಕಟ್ಟಿಕೊಳ್ಳಿ" ಅನ್ನುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಅದು ಬಿಡುಗಡೆ ಅಲ್ಲ. ಹಕ್ಕನ್ನು ಬಿಟ್ಟುಕೊಡಲು ಅಧಿಕಾರ ಇರುವವರು ಬಿಟ್ಟರೆ ಮಾತ್ರ ಬಿಡುಗಡೆ, 38ನೇ ಕಲಂ. ರೂಮ್ ಕಟ್ಟಿದ ಮೇಲೆ ಮೇಲಿನ ಎರಡು ಮನೆಗಳ ನೀರು ಇನ್ನೂ ಅದರಲ್ಲೇ ಬರುತ್ತಿತ್ತು ಅಂತ ಗೊತ್ತಾದರೆ ಒಡೆಯಬೇಕಾದವರು ನೀವೇ.

ಆಗಬೇಕಾದ ಕ್ರಮ ಹೀಗಿದೆ. ಆಯುಕ್ತರಿಗೋ ಮುಖ್ಯಾಧಿಕಾರಿಗೋ ಬರವಣಿಗೆಯಲ್ಲಿ ಅರ್ಜಿ ಕೊಡಿ, ಹಳೇ ಒಪ್ಪಿಗೆ ಪತ್ರದ ನಕಲು ಮತ್ತು ನಕ್ಷೆ ಜೊತೆಗಿರಲಿ. ಪೈಪಿನಲ್ಲಿ ಯಾರ ಸಂಪರ್ಕವೂ ಉಳಿದಿಲ್ಲ ಅಂತ ತಪಾಸಣೆ ಆಗಿ, ಎಂಜಿನಿಯರ್ ವರದಿ ಬರಲಿ. ನೀರು ಸರಬರಾಜಿನವರು, ಕರೆಂಟಿನವರು ಅದೇ ಪಟ್ಟಿ ಬಳಸುತ್ತಿದ್ದಾರಾ ಅಂತ ಕೇಳಿಸಿಕೊಳ್ಳಿ, ಯಾಕೆಂದರೆ ಒಬ್ಬರು ಬಿಟ್ಟರೆ ಇನ್ನೊಬ್ಬರು ಬಿಟ್ಟಂತಲ್ಲ. ಅಧಿಕಾರ ಇರುವವರ ಆದೇಶವೋ ನಿರ್ಣಯವೋ ಆದ ಮೇಲೆ, ಮೂಲ ಪತ್ರ ನೋಂದಣಿ ಆಗಿದ್ದರೆ ಬಿಡುಗಡೆ ಪತ್ರವೂ ನೋಂದಣಿ ಆಗಲಿ. ಆಗ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆದಾಗ ಎರಡೂ ಕಾಣುತ್ತವೆ, ಸಾಲ ಕೊಡುವ ಬ್ಯಾಂಕಿನವರೂ ಪ್ರಶ್ನೆ ಎತ್ತುವುದಿಲ್ಲ.

ಅಮೆರಿಕದ ಊರುಗಳಲ್ಲಿ ಈ ಪಟ್ಟಿಗಳನ್ನು ಬಡಾವಣೆ ನಕ್ಷೆಯಲ್ಲೇ ಗುರುತು ಮಾಡಿರುವುದು ಸಾಮಾನ್ಯ. ಬೇಡವಾದಾಗ ನೀರು, ಕರೆಂಟು, ಗ್ಯಾಸ್‌ನವರನ್ನೆಲ್ಲ ಕೇಳಿ ನಗರಾಡಳಿತ ಕೈಬಿಡುವ ನಿರ್ಣಯ ಮಾಡುತ್ತದೆ, ಅದು ದಾಖಲೆಗೆ ಸೇರುತ್ತದೆ. ಕೊಡುವಾಗ ಕಾಗದ, ಬಿಡುವಾಗಲೂ ಕಾಗದ. ನಮ್ಮಲ್ಲಿ ಕೊಡುವಾಗಿನ ಕಾಗದವೇ ಎಷ್ಟೋ ಮನೆಗಳಲ್ಲಿ ಸಿಗುವುದಿಲ್ಲ, ತೊಂದರೆ ಶುರುವಾಗುವುದೇ ಅಲ್ಲಿಂದ.

ದಾರಿಗೆ ಬೇಲಿ ಬಿದ್ದರೆ

ಹಾರೆ ಹಿಡಿದು ಕೀಳಲು ಹೋಗಬೇಡಿ. ಮೊದಲ ದಿನವೇ ಫೋಟೊ ತೆಗೆಯಿರಿ, ಬರವಣಿಗೆಯಲ್ಲಿ ಆಕ್ಷೇಪ ಕೊಡಿ. ಶಾಂತಿ ಕೆಡುವ ಹಂತಕ್ಕೆ ಹೋದ ದಾರಿ, ನೀರಿನ ತಕರಾರನ್ನು ತಾಲ್ಲೂಕು ದಂಡಾಧಿಕಾರಿಯಾಗಿ ತಹಶೀಲ್ದಾರರು ನೋಡಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 147ನೇ ಕಲಂ ಇದಕ್ಕಿತ್ತು, 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಅದು 166. ವರ್ಷವಿಡೀ ಬಳಸುವ ದಾರಿಯಾದರೆ ಹಿಂದಿನ 3 ತಿಂಗಳೊಳಗೆ ಬಳಸಿರಬೇಕು, ಅದಕ್ಕೇ ತಡ ಮಾಡಬಾರದು. ಹಕ್ಕು ಇದೆಯೋ ಇಲ್ಲವೋ ಅನ್ನುವ ಕೊನೆಯ ತೀರ್ಮಾನ ಮಾತ್ರ ಸಿವಿಲ್ ನ್ಯಾಯಾಲಯದ್ದು. ಎದುರಿಗೆ ಇರುವುದು ಮಹಾನಗರ ಪಾಲಿಕೆಯಾದರೆ ದಾವೆಗೆ ಮೊದಲು ನೋಟಿಸ್ ಕೊಟ್ಟು 60 ದಿನ ಕಾಯಬೇಕು. ಸರ್ಕಾರವಾದರೆ 2 ತಿಂಗಳು.

ನ್ಯಾಯಾಲಯದಲ್ಲಿ ನಿಲ್ಲುವುದು ಕಾಗದ. ಹಳೇ ಕ್ರಯಪತ್ರದ ಚಕ್ಕುಬಂದಿ, ಗ್ರಾಮ ನಕಾಶೆ, ಸರ್ವೆ ಸ್ಕೆಚ್, ಹಳೇ ಮದುವೆ ಫೋಟೊದಲ್ಲಿ ಹಿಂದೆ ಕಾಣುವ ದಾರಿ, ಆ ದಾರಿಯಲ್ಲಿ ನಡೆದ ಹಿರಿಯರ ಸಾಕ್ಷಿ, ಎಲ್ಲವೂ ಬೇಕು. ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಮತ್ತೆ, ನಿಮ್ಮ ಪ್ರಕರಣಕ್ಕೆ ನಿಮ್ಮ ಪತ್ರಗಳನ್ನು ಓದಿದ ವಕೀಲರ ಮಾತೇ ಬೇಕು. ಈ ಲೇಖನ ಅವರ ಮುಂದೆ ಸರಿಯಾದ ಪ್ರಶ್ನೆ ಕೇಳಲು ಸಹಾಯ ಮಾಡಬಹುದು, ಅಷ್ಟೇ.

ನಮ್ಮ ಬೀದಿಯ ಹಾಳೆಗೆ ಏನಾಯಿತು ಅಂತ ಹೇಳಿಬಿಡುತ್ತೇನೆ. ನಾಲ್ಕು ಮನೆಯವರೂ ಸೇರಿ ಅದನ್ನು ಮತ್ತೆ ಬರೆಸಿದೆವು. ಗೋಡೆಯಿಂದ ಒಳಕ್ಕೆ 3 ಅಡಿ, ಒಳಚರಂಡಿಗೆ ಮಾತ್ರ, ಅಗೆದರೆ ಮುಚ್ಚಿಕೊಡಬೇಕು, ರಸ್ತೆಯ ಲೈನಿಗೆ ಸಂಪರ್ಕ ಆದ ದಿನ ಮುಗಿಯುತ್ತದೆ. ಟೇಪು ತಂದವರೇ ಇನ್ನೊಂದು ಸಲ ಬಂದು ಅಳೆದು ನಕ್ಷೆ ಹಾಕಿಕೊಟ್ಟರು, ಏನೂ ಬೇಜಾರು ಮಾಡಿಕೊಳ್ಳಲಿಲ್ಲ. ನೋಂದಣಿ ಮುಗಿಸಿ ಬಂದ ದಿನ ಜೋರು ಮಳೆ, ಹಿತ್ತಲಲ್ಲಿ ತೋಡಿದ ಗುಂಡಿ ಪೂರ್ತಿ ತುಂಬಿತ್ತು. ಆ ಪತ್ರದ ನಕಲು ಈಗ ನಮ್ಮ ಕ್ರಯಪತ್ರದ ಜೊತೆ ಒಂದೇ ಕವರಿನಲ್ಲಿದೆ.